ಮನೆ ಮುಂದಿನ ಹಿತ್ತಾಳೆ ಕಲ್ಲು: ಓದುವುದು, ಉಜ್ಜುವುದು, ಹುಡುಕುವುದು ಹೇಗೆ

ಜರ್ಮನಿಗೆ ಕೆಲಸಕ್ಕೋ ಓದಿಗೋ ಬಂದವರು ಮೊದಲ ವಾರದಲ್ಲೇ ಇದನ್ನು ನೋಡಿರುತ್ತೀರಿ. ಫುಟ್‌ಪಾತ್‌ನ ಕಲ್ಲುಗಳ ನಡುವೆ ಒಂದು ಹಿತ್ತಾಳೆ ಚೌಕ, ಅಂಗೈ ಅಗಲದ್ದು. ಕೆಲವು ಕಡೆ ಒಂದೇ, ಕೆಲವು ಕಡೆ ನಾಲ್ಕೈದು ಒಟ್ಟಿಗೆ. ನಾನು ಬರ್ಲಿನ್‌ಗೆ ಬಂದ ದಿನ ಎರಡು ದೊಡ್ಡ ಸೂಟ್‌ಕೇಸ್‌ಗಳನ್ನು ಅವುಗಳ ಮೇಲೆಯೇ ಎಳೆದುಕೊಂಡು ಒಳಗೆ ಹೋಗಿದ್ದೆ. ನೀರಿನ ಪೈಪಿನದ್ದೋ ಗ್ಯಾಸಿನದ್ದೋ ಗುರುತು ಇರಬೇಕು ಅಂದುಕೊಂಡೆ. ಹತ್ತು ದಿನ ಹಾಗೇ ಓಡಾಡಿದೆ. ಒಂದು ಸಂಜೆ ಬೀಗದಕೈ ಕೈಜಾರಿತು, ಎತ್ತಿಕೊಳ್ಳಲು ಬಗ್ಗಿದಾಗ ಅಕ್ಷರ ಕಾಣಿಸಿತು. ಒಂದೇ ಮನೆತನದ ಹೆಸರು, ನಾಲ್ಕು ಸಲ.

ಇವನ್ನು ಜರ್ಮನ್‌ನಲ್ಲಿ ಶ್ಟೋಲ್ಪರ್‌ಶ್ಟೈನ್ ಅನ್ನುತ್ತಾರೆ. ನಾನು ಮನೆಯಲ್ಲಿ ಎಡವುಗಲ್ಲು ಅನ್ನುತ್ತೇನೆ. ಕಾಲಿಗೆ ತಾಗುವುದಿಲ್ಲ, ನೆಲದ ಮಟ್ಟಕ್ಕೇ ಕೂರಿಸಿರುತ್ತಾರೆ. ಹಿಟ್ಲರ್‌ನ ಕಾಲದಲ್ಲಿ ಕೊಲೆಯಾದ ಒಬ್ಬೊಬ್ಬರಿಗೆ ಒಂದೊಂದು ಕಲ್ಲು, ಅವರು ತಮ್ಮ ಇಷ್ಟದಿಂದ ವಾಸವಿದ್ದ ಕೊನೆಯ ಮನೆಯ ಬಾಗಿಲಲ್ಲಿ. ಅಲ್ಲಿ ಈಗ ನಾವು ಬಾಡಿಗೆಗೆ ಇದ್ದೇವೆ. ಆ ಮೆಟ್ಟಿಲು, ಆ ಮೆಟ್ಟಿಲ ಕಂಬಿ, ಎಷ್ಟೋ ಕಡೆ ಅದೇ ಮರದ ಬಾಗಿಲು. ಹಾಗಾಗಿ ಈ ಕಲ್ಲನ್ನು ಹೇಗೆ ಓದಬೇಕು, ಹೇಗೆ ನೋಡಿಕೊಳ್ಳಬೇಕು, ಹಿಂದಿನ ಕಥೆಯನ್ನು ಎಲ್ಲಿ ಹುಡುಕಬೇಕು ಅನ್ನುವುದನ್ನು ನಮ್ಮವರಿಗಾಗಿ ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಒಂದು ಕಲ್ಲನ್ನು ಓದಿ ಮುಂದೆ ಹೋಗಬೇಡಿ. ಅಲ್ಲಿರುವ ಅಷ್ಟೂ ಕಲ್ಲುಗಳನ್ನು ಒಂದು ಕುಟುಂಬವಾಗಿ ಓದಿ. ಕಥೆ ಇರುವುದು ಕಲ್ಲುಗಳ ನಡುವೆ.

ಹಿನ್ನೆಲೆ ಚಿಕ್ಕದಾಗಿ. ಇದನ್ನು ಶುರು ಮಾಡಿದವರು ಗುಂಟರ್ ಡೆಮ್ನಿಗ್ ಅನ್ನುವ ಕಲಾವಿದ, 1947ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದವರು. ಮೊದಲ ಕಲ್ಲನ್ನು ಅವರು 1992ರ ಡಿಸೆಂಬರ್ 16ರಂದು ಕಲೋನ್ ನಗರದ ಪುರಭವನದ ಮುಂದೆ ಕೂರಿಸಿದರು. ಯುರೋಪಿನ ಅಲ್ಪಸಂಖ್ಯಾತ ಸಮುದಾಯಗಳಾದ ಸಿಂತಿ ಮತ್ತು ರೋಮಾ ಜನರನ್ನು ಕ್ಯಾಂಪಿಗೆ ಸಾಗಿಸಲು ಹಿಟ್ಲರ್‌ನ ಪೊಲೀಸ್ ಮುಖ್ಯಸ್ಥ ಹಿಮ್ಲರ್ ಆದೇಶ ಹೊರಡಿಸಿ ಅವತ್ತಿಗೆ ಸರಿಯಾಗಿ 50 ವರ್ಷ. 1996ರಲ್ಲಿ ಬರ್ಲಿನ್‌ನ ಕ್ರಾಯ್ಟ್ಸ್‌ಬರ್ಗ್‌ನಲ್ಲಿ ಸುಮಾರು 50 ಕಲ್ಲುಗಳನ್ನು ಯಾರ ಅನುಮತಿಯನ್ನೂ ಕೇಳದೆ ಹಾಕಿದರು, ಅನುಮತಿ ಆಮೇಲೆ ಬಂತು. 2023ರ ಮೇ ತಿಂಗಳಲ್ಲಿ ನ್ಯೂರೆಂಬರ್ಗ್‌ನಲ್ಲಿ 1,00,000ನೇ ಕಲ್ಲು ಕೂತಿತು. ಬರ್ಲಿನ್ ಒಂದರಲ್ಲೇ 10,000ಕ್ಕೂ ಹೆಚ್ಚಿವೆ. ಕೊಲೆಯಾದ ಯಹೂದಿಗಳು ಸುಮಾರು 60 ಲಕ್ಷ. ಜೊತೆಗೆ ಸಿಂತಿ, ರೋಮಾ, ಅಂಗವಿಕಲರು, ಸಲಿಂಗಿಗಳು, ಯೆಹೋವನ ಸಾಕ್ಷಿಗಳು ಅನ್ನುವ ಕ್ರೈಸ್ತ ಪಂಥದವರು, ಹಿಟ್ಲರ್‌ನನ್ನು ವಿರೋಧಿಸಿದವರು. ಇವರೆಲ್ಲರಿಗೂ ಕಲ್ಲುಗಳಿವೆ, ಆದರೆ ಜಾಸ್ತಿ ಕಾಣುವುದು ಯಹೂದಿ ಕುಟುಂಬಗಳ ಕಲ್ಲುಗಳೇ.

ಪ್ರತಿ ಅಕ್ಷರವನ್ನೂ ಕೈಯಿಂದ ಸುತ್ತಿಗೆಯಲ್ಲಿ ಹೊಡೆದು ಮೂಡಿಸುತ್ತಾರೆ. ಯಂತ್ರದಲ್ಲಿ ಮಾಡಬಹುದಿತ್ತು, ಬೇಕೆಂದೇ ಮಾಡಿಲ್ಲ. ಕೊಂದವರು ಕಾರ್ಖಾನೆಯ ರೀತಿಯಲ್ಲಿ ಕೊಂದರು, ಹೆಸರನ್ನು ಮತ್ತೆ ಬರೆಯುವಾಗ ಹಾಗೆ ಆಗಬಾರದು ಅನ್ನುವುದು ಕಾರಣ. ಹತ್ತಿರದಿಂದ ನೋಡಿ, ಒಂದು ಅಕ್ಷರ ಸ್ವಲ್ಪ ಆಳ, ಇನ್ನೊಂದು ಕೊಂಚ ಓರೆ. ಬೆರಳಿಟ್ಟರೆ ಗೊತ್ತಾಗುತ್ತದೆ.

ಓದುವುದು

ಜರ್ಮನ್ ಬರದಿದ್ದರೂ ಓದಬಹುದು, ಹತ್ತು ಹನ್ನೆರಡು ಪದ ಗೊತ್ತಿದ್ದರೆ ಸಾಕು.

ಮೇಲಿನ ಸಾಲು ಸಾಮಾನ್ಯವಾಗಿ ‘ಹೀರ್ ವೋಂಟೆ’. ಇಲ್ಲಿ ವಾಸವಾಗಿದ್ದರು ಅಂತ. ಆಮೇಲೆ ಹೆಸರು, ದೊಡ್ಡ ಅಕ್ಷರದಲ್ಲಿ. ಹೆಂಗಸರ ಕಲ್ಲಿನಲ್ಲಿ ‘ಗೆಬ್.’ ಅಂತ ಇದ್ದರೆ ಅದರ ಮುಂದಿನದು ತವರುಮನೆಯ ಹೆಸರು. ಅದನ್ನು ಬರೆದಿಟ್ಟುಕೊಳ್ಳಿ, ಹುಡುಕುವಾಗ ಬೇಕೇ ಬೇಕಾಗುತ್ತದೆ. ‘ಯೋಟ್ ಗೇ’ ಅನ್ನುವ ಎರಡು ಅಕ್ಷರ ಯಾರ್‌ಗಾಂಗ್ ಪದದ ಚಿಕ್ಕ ರೂಪ, ಹುಟ್ಟಿದ ವರ್ಷ. ನಂತರ ‘ಡೆಪೋರ್ಟೀರ್ಟ್’, ಒಂದು ವರ್ಷ, ಒಂದು ಊರು. ಇದನ್ನು ಗಡೀಪಾರು ಅಂತ ಅನುವಾದ ಮಾಡಿಕೊಳ್ಳಬೇಡಿ. ನಮ್ಮಲ್ಲಿ ಗಡೀಪಾರು ಅಂದರೆ ಊರಾಚೆ ಅಥವಾ ಜಿಲ್ಲೆಯಾಚೆ ಕಳಿಸುವುದು. ಇವರನ್ನು ಮನೆಯಿಂದ ಎಳೆದು, ರೈಲಿಗೆ ತುಂಬಿ, ಕೊಲ್ಲುವ ಜಾಗಕ್ಕೆ ಸಾಗಿಸಿದರು.

ಕೊನೆಗೆ ‘ಎರ್ಮೋರ್ಡೆಟ್’. ಕೊಲೆ ಮಾಡಿದರು. ಕನ್ನಡದಲ್ಲಿ ಸಾವಿಗೆ ಮೆತ್ತನೆಯ ಮಾತುಗಳು ತುಂಬ ಇವೆ: ತೀರಿಕೊಂಡರು, ಹೋಗಿಬಿಟ್ಟರು, ಇನ್ನಿಲ್ಲ. ಮಕ್ಕಳು ಕಲ್ಲು ನೋಡಿ ಕೇಳಿದಾಗ ಬಾಯಿಗೆ ಮೊದಲು ಬರುವುದು ಅದೇ. ನಾನೂ ಮೊದಲ ಸಲ ಮಗಳಿಗೆ ‘ಯುದ್ಧದಲ್ಲಿ ತೀರಿಕೊಂಡರಂತೆ ಪುಟ್ಟಿ’ ಅಂದುಬಿಟ್ಟೆ. ಅದು ತಪ್ಪು. ಇವರು ಯುದ್ಧದಲ್ಲಿ ಸತ್ತವರಲ್ಲ, ತಾವಾಗಿ ಸತ್ತವರೂ ಅಲ್ಲ. ಕಲ್ಲು ಕೊಂದರು ಅನ್ನುತ್ತಿದೆ, ನಾವೂ ಕೊಂದರು ಅಂತಲೇ ಹೇಳಬೇಕು.

ಕೆಲವು ಕಲ್ಲುಗಳಲ್ಲಿ ಬೇರೆ ಪದಗಳು ಇರುತ್ತವೆ. ‘ಫ್ಲುಖ್ಟ್ ಇನ್ ಡೆನ್ ಟೋಡ್’ ಅಂದರೆ ಸಾವಿಗೆ ಓಡಿಹೋದರು. ಸಾಗಿಸುವ ನೋಟಿಸು ಬಂದ ಮೇಲೆ, ಅಥವಾ ಬರುವ ಮೊದಲೇ, ಜೀವ ಕಳೆದುಕೊಂಡವರ ಕಲ್ಲು ಅದು. ಅಂಥವರಲ್ಲಿ ವಯಸ್ಸಾದವರು ಬಹಳ ಮಂದಿ. ‘ಉನ್‌ಫ್ರೈವಿಲ್ಲಿಗ್ ಫೆರ್‌ಟ್ಸೋಗೆನ್’ ಇದ್ದರೆ ಮನಸ್ಸಿಲ್ಲದೆ ಮನೆ ಬದಲಿಸಬೇಕಾಯಿತು ಅಂತ, ಯಹೂದಿಗಳನ್ನೆಲ್ಲ ಕೆಲವೇ ಕಟ್ಟಡಗಳಿಗೆ ತುರುಕುತ್ತಿದ್ದರು. ‘ಶುಟ್ಸ್‌ಹಾಫ್ಟ್’ ಅನ್ನುವುದಕ್ಕೆ ಪದಕ್ಕೆ ಪದ ಹಾಕಿದರೆ ರಕ್ಷಣೆಗಾಗಿ ಬಂಧನ. ಅದು ನಾಜಿಗಳು ಇಟ್ಟ ಸುಳ್ಳು ಹೆಸರು, ವಿಚಾರಣೆಯೇ ಇಲ್ಲದೆ ಕ್ಯಾಂಪಿಗೆ ಹಾಕುವುದು. ‘ಶಿಕ್ಸಾಲ್ ಉನ್‌ಬೆಕಾಂಟ್’ ಅಂದರೆ ಏನಾದರೋ ತಿಳಿಯದು. ‘ಊಬರ್‌ಲೇಬ್ಟ್’ ಅಂದರೆ ಬದುಕಿ ಉಳಿದರು.

ಬದುಕಿದವರಿಗೂ ಕಲ್ಲಾ ಅಂತ ಕೇಳಬಹುದು. ಹೌದು. ಒಡೆದುಹೋದ ಕುಟುಂಬ ಕಲ್ಲಿನಲ್ಲಾದರೂ ಒಟ್ಟಿಗಿರಲಿ ಅಂತ ಡೆಮ್ನಿಗ್ ಹಾಗೆ ಮಾಡುತ್ತಾರೆ.

ಈಗ ವರ್ಷ ಮತ್ತು ಊರನ್ನು ಜೋಡಿಸಿ ನೋಡಿ. 1938ರ ಅಕ್ಟೋಬರ್ ಮತ್ತು ‘ಬೆಂಟ್‌ಶೆನ್’ ಅನ್ನುವ ಗಡಿಯ ಊರು ಇದ್ದರೆ, ಪೋಲೆಂಡ್ ಮೂಲದ ಸುಮಾರು 17,000 ಯಹೂದಿಗಳನ್ನು ಒಂದೆರಡು ದಿನದಲ್ಲಿ ಗಡಿಯಾಚೆ ತಳ್ಳಿದರಲ್ಲ, ಅವರಲ್ಲೊಬ್ಬರು. ಹೈಡೆಲ್‌ಬರ್ಗ್, ಮಾನ್‌ಹೈಮ್, ಕಾರ್ಲ್ಸ್‌ರೂಹೆ ಕಡೆ ಇರುವವರಿಗೆ ‘ಗೂರ್ಸ್ 1940’ ಅಂತ ಪದೇ ಪದೇ ಕಾಣುತ್ತದೆ. ಆ ವರ್ಷ ಅಕ್ಟೋಬರ್ 22ರಂದು ಆ ಸೀಮೆಯ 6,500ಕ್ಕೂ ಹೆಚ್ಚು ಯಹೂದಿಗಳನ್ನು ಫ್ರಾನ್ಸ್‌ನ ದಕ್ಷಿಣಕ್ಕೆ, ಗೂರ್ಸ್ ಕ್ಯಾಂಪಿಗೆ ಸಾಗಿಸಿದರು. ಅಲ್ಲಿ ಉಳಿದವರಲ್ಲಿ ಬಹಳ ಜನರನ್ನು 1942ರಲ್ಲಿ ಪೋಲೆಂಡಿನಲ್ಲಿದ್ದ ಆಶ್ವಿಟ್ಸ್ ಕೊಲೆ ಕ್ಯಾಂಪಿಗೆ ಕಳಿಸಿದರು. 1941ರ ಅಕ್ಟೋಬರ್, ನವೆಂಬರ್ ಆದರೆ ಲಿಟ್ಸ್‌ಮಾನ್‌ಶ್ಟಾಟ್, ಮಿನ್ಸ್ಕ್, ಕೌನಾಸ್, ರೀಗಾ, ಎಲ್ಲವೂ ಪೂರ್ವ ಯುರೋಪಿನ ಊರುಗಳು. ಲಿಟ್ಸ್‌ಮಾನ್‌ಶ್ಟಾಟ್ ಅಂದರೆ ಪೋಲೆಂಡಿನ ವುಡ್ಜ್ ನಗರಕ್ಕೆ ನಾಜಿಗಳು ಇಟ್ಟ ಹೆಸರು. ಮ್ಯೂನಿಕ್‌ನಿಂದ 1941ರ ನವೆಂಬರ್ 20ರಂದು ಹೊರಟ ರೈಲಿನಲ್ಲಿ ಸುಮಾರು 1,000 ಜನ ಇದ್ದರು. ಐದು ದಿನಕ್ಕೆ, ನವೆಂಬರ್ 25ರಂದು, ಕೌನಾಸ್‌ನ ಒಂದು ಕೋಟೆಯಲ್ಲಿ ಎಲ್ಲರನ್ನೂ ಗುಂಡಿಟ್ಟು ಕೊಂದರು. 1942ರ ಬೇಸಿಗೆಯಿಂದ ವಯಸ್ಸಾದವರ ಕಲ್ಲುಗಳಲ್ಲಿ ಟೆರೇಸಿಯನ್‌ಶ್ಟಾಟ್ ಬರುತ್ತದೆ, ಈಗಿನ ಚೆಕ್ ದೇಶದಲ್ಲಿದ್ದ ಸೆರೆ ಊರು. 1943 ಬರ್ಲಿನ್ ಆದರೆ ಹೆಚ್ಚಾಗಿ ಆಶ್ವಿಟ್ಸ್: ಕಾರ್ಖಾನೆಗಳಲ್ಲಿ ಬಲವಂತವಾಗಿ ದುಡಿಸಿಕೊಳ್ಳುತ್ತಿದ್ದ ಯಹೂದಿಗಳನ್ನು ಫೆಬ್ರವರಿ 27ರಂದು ಕೆಲಸದ ಜಾಗದಿಂದಲೇ ಹಿಡಿದುಕೊಂಡು ಹೋದರು. ಮೈಮೇಲೆ ಕೆಲಸದ ಬಟ್ಟೆ, ಮನೆಯವರಿಗೆ ಸುದ್ದಿಯೂ ಇಲ್ಲ.

ನಮ್ಮ ಬಾಗಿಲಿನ ನಾಲ್ಕು ಕಲ್ಲುಗಳನ್ನು ಹೀಗೆ ಓದಿದೆ. ಅಪ್ಪ 1896. ಅಮ್ಮ 1903. ಮಗ 1926. ಮಗಳು 1935. ಅಪ್ಪ, ಅಮ್ಮ, ಮಗಳು ಮೂವರ ಕಲ್ಲಿನಲ್ಲೂ 1943, ಆಶ್ವಿಟ್ಸ್, ಎರ್ಮೋರ್ಡೆಟ್. ಮಗನದ್ದರಲ್ಲಿ ಮಾತ್ರ ‘ಕಿಂಡರ್‌ಟ್ರಾನ್ಸ್‌ಪೋರ್ಟ್ 1939, ಇಂಗ್ಲೆಂಡ್’. 1938ರ ಡಿಸೆಂಬರಿನಿಂದ ಯುದ್ಧ ಶುರುವಾಗುವವರೆಗೆ ಸುಮಾರು 10,000 ಮಕ್ಕಳನ್ನು ಬ್ರಿಟನ್‌ಗೆ ಕಳಿಸಿದ್ದರು, ಅಪ್ಪ ಅಮ್ಮನಿಗೆ ಅದರಲ್ಲಿ ಜಾಗ ಇರಲಿಲ್ಲ. ಲೆಕ್ಕ ಹಾಕಿ. ಹುಡುಗನಿಗೆ ಹದಿಮೂರು. ತಂಗಿಗೆ ಆಗ ನಾಲ್ಕು. ಅವಳು ಯಾಕೆ ಹೋಗಲಿಲ್ಲ? ಅಷ್ಟು ಚಿಕ್ಕದನ್ನು ಕಳಿಸಲು ಮನಸ್ಸು ಬರಲಿಲ್ಲವೋ, ಜಾಗ ಸಿಗಲಿಲ್ಲವೋ. ಕಲ್ಲು ಅದನ್ನು ಹೇಳುವುದಿಲ್ಲ. ನನಗೂ ಇಬ್ಬರು ಮಕ್ಕಳು, ಹೆಚ್ಚುಕಡಿಮೆ ಅಷ್ಟೇ ಅಂತರ. ಆ ರಾತ್ರಿ ನಿದ್ದೆ ಬರಲಿಲ್ಲ. 1943ಕ್ಕೆ ಅವಳಿಗೆ ಎಂಟು ತುಂಬಿರಲೂಬಹುದು, ತುಂಬದೆಯೂ ಇರಬಹುದು.

ಈ ಕಳೆಯುವ ಲೆಕ್ಕವನ್ನು ಪ್ರತಿ ಕಲ್ಲಿನ ಮುಂದೆಯೂ ಮಾಡಿ. ವರ್ಷ ವಯಸ್ಸಾದಾಗ ಮಾತ್ರ ಅದು ಒಬ್ಬ ಮನುಷ್ಯ ಆಗುತ್ತದೆ.

ಕಾಲಿನ ಪ್ರಶ್ನೆ

ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಂಡು ಬೆಳೆದವರು ನಾವು. ಸತ್ತವರ ಹೆಸರನ್ನು ನೆಲದಲ್ಲಿ ಇಡುವುದು ನಮಗೆ ಕಸಿವಿಸಿ ಆಗುವುದು ಸಹಜ. ಊರಿಂದ ಬಂದಿದ್ದ ನಮ್ಮತ್ತೆ ಕಲ್ಲು ನೋಡಿದ ದಿನದಿಂದ ಸುತ್ತಿಕೊಂಡೇ ಓಡಾಡಿದರು, ಹೊರಡುವವರೆಗೂ. ಇದು ನಮ್ಮ ಮಡಿವಂತಿಕೆ ಮಾತ್ರ ಅಂದುಕೊಳ್ಳಬೇಡಿ. ಮ್ಯೂನಿಕ್‌ನ ಯಹೂದಿ ಸಮುದಾಯದ ಮುಖ್ಯಸ್ಥೆ ಶಾರ್ಲೊಟ್ ಕ್ನೋಬ್ಲೋಖ್ ಹೇಳುವುದೂ ಇದನ್ನೇ. ಅವರು ಬಾಲ್ಯದಲ್ಲಿ ಒಂದು ಹಳ್ಳಿಯ ಮನೆಯಲ್ಲಿ ಬಚ್ಚಿಟ್ಟುಕೊಂಡು ಬದುಕಿ ಉಳಿದವರು. ಆ ಹೆಸರುಗಳನ್ನು ಮತ್ತೆ ತುಳಿಯಬಾರದು ಅನ್ನುವುದು ಅವರ ಮಾತು. ಮ್ಯೂನಿಕ್ ನಗರ 2004ರಲ್ಲೇ ಸಾರ್ವಜನಿಕ ಜಾಗದಲ್ಲಿ ಈ ಕಲ್ಲು ಬೇಡ ಅಂತ ತೀರ್ಮಾನಿಸಿತು, 2015ರಲ್ಲಿ ಅದನ್ನೇ ಉಳಿಸಿಕೊಂಡಿತು. ಮ್ಯೂನಿಕ್‌ನಲ್ಲಿರುವ ಕನ್ನಡಿಗರು ಹಾಗಾಗಿ ನೆಲ ನೋಡಿದರೆ ಸಿಗುವುದು ಕಡಿಮೆ, ಖಾಸಗಿ ಜಾಗದಲ್ಲಿ ಅಲ್ಲೊಂದು ಇಲ್ಲೊಂದು. ನೀವು ಗೋಡೆ ನೋಡಿ. 2018ರಿಂದ ಆ ಊರಿನಲ್ಲಿ ಮನೆಗಳ ಗೋಡೆಗೆ, ಇಲ್ಲವೇ ಬಾಗಿಲ ಪಕ್ಕದ ಕಂಬಕ್ಕೆ, ಕಣ್ಣಿನ ಎತ್ತರದಲ್ಲಿ ಹೆಸರಿನ ಚಿನ್ನದ ಬಣ್ಣದ ಫಲಕ ಹಾಕುತ್ತಿದ್ದಾರೆ, ಕೆಲವದರಲ್ಲಿ ಫೋಟೋ ಕೂಡ ಇದೆ.

ಇನ್ನೊಂದು ಕಡೆಯ ಮಾತು: ಓದಬೇಕಾದರೆ ಬಗ್ಗಲೇಬೇಕು, ಬಗ್ಗಿದರೆ ತಲೆ ತಗ್ಗಿಸಿದಂತೆ. ನಮ್ಮ ಕೆಲವು ಹಳೆಯ ದೇವಸ್ಥಾನಗಳ ನೆಲದಲ್ಲಿ ಸಾಷ್ಟಾಂಗ ಹಾಕಿದ ಭಕ್ತರ ಆಕೃತಿ ಕೆತ್ತಿರುತ್ತಾರಲ್ಲ, ಬಂದವರ ಪಾದಧೂಳಿ ತಮ್ಮ ಮೇಲೆ ಬೀಳಲಿ ಅಂತ. ನನಗೆ ಮೊದಲು ಅದೇ ನೆನಪಾಯಿತು. ಆದರೆ ಹೋಲಿಕೆ ಪೂರ್ತಿ ಕೂಡುವುದಿಲ್ಲ. ಆ ಭಕ್ತರು ಕೇಳಿ ಮಾಡಿಸಿಕೊಂಡವರು, ಈ ಮಗು ಏನನ್ನೂ ಕೇಳಿರಲಿಲ್ಲ. ನನ್ನ ನಿಲುವು ಇಷ್ಟೇ: ಕುಟುಂಬದವರು ನೆಲದ ಕಲ್ಲು ಬೇಕು ಅಂದರೆ ಅದು ಸರಿ, ಗೋಡೆ ಬೇಕು ಅಂದರೆ ಅದೂ ಸರಿ. ನಾವು ಮಾತ್ರ ಕಲ್ಲಿನ ಮೇಲೆ ಸೈಕಲ್ ನಿಲ್ಲಿಸಬಾರದು, ಕಸದ ಚೀಲ ಇಡಬಾರದು. ಗೊತ್ತಿಲ್ಲದೆ ಕಾಲು ಬಿದ್ದರೆ ಸಂಕಟಪಡಬೇಡಿ, ಕಾಲು ಸವೆಸಿದಷ್ಟೂ ಹಿತ್ತಾಳೆ ಹೊಳೆಯುತ್ತದೆ.

ಇದರ ಜೊತೆಗೇ ಹೇಳಬೇಕಾದ ಒಂದು ವಿಷಯ. ಗೃಹಪ್ರವೇಶದ ದಿನ ಹೊಸ್ತಿಲ ಮೇಲೆ ಸ್ವಸ್ತಿಕ ಬರೆಯುವುದು ನಮ್ಮ ರೂಢಿ. ದಯವಿಟ್ಟು ಅದನ್ನು ಮನೆಯ ಒಳಗೆ, ದೇವರ ಕೋಣೆಯಲ್ಲಿ ಬರೆಯಿರಿ. ನಮ್ಮದು ಬೇರೆ, ಅವರದ್ದು ಬೇರೆ ಅನ್ನುವುದು ನನಗೂ ಗೊತ್ತು. ಆದರೆ ಇಸ್ರೇಲ್‌ನಿಂದಲೋ ಅಮೆರಿಕದಿಂದಲೋ ಮೊಮ್ಮಕ್ಕಳು ತಮ್ಮ ಅಜ್ಜಿಯ ಕಲ್ಲು ನೋಡಲು ಇದೇ ಬಾಗಿಲಿಗೆ ಬರುತ್ತಾರೆ. ಅವರ ಕಣ್ಣಿಗೆ ಗುರುತು ಮೊದಲು ಬೀಳುತ್ತದೆ, ನಮ್ಮ ವಿವರಣೆ ಆಮೇಲೆ. ಬಾಗಿಲಲ್ಲಿ ಚುಕ್ಕಿ ರಂಗೋಲಿ ಹಾಕಿ, ಅದೇ ಚೆನ್ನ.

ಉಜ್ಜುವುದು

ಹಿತ್ತಾಳೆ ಮಳೆಗೆ, ಚಳಿಗಾಲದ ಉಪ್ಪಿಗೆ ಕಂದು ತಿರುಗುತ್ತದೆ. ಒಂದೆರಡು ವರ್ಷ ಬಿಟ್ಟರೆ ಅಕ್ಷರ ಓದಲು ಆಗುವುದಿಲ್ಲ. ಯಾರು ಬೇಕಾದರೂ ಉಜ್ಜಬಹುದು, ಯಾರ ಅನುಮತಿಯೂ ಬೇಕಿಲ್ಲ. ಹೆಚ್ಚಿನವರು ನವೆಂಬರ್ 9ಕ್ಕೆ ಉಜ್ಜುತ್ತಾರೆ. 1938ರ ಆ ರಾತ್ರಿ ಇಡೀ ಜರ್ಮನಿಯಲ್ಲಿ ಯಹೂದಿಗಳ ಪ್ರಾರ್ಥನಾ ಮಂದಿರಗಳನ್ನು ಸುಟ್ಟು, ಅಂಗಡಿಗಳನ್ನು ಒಡೆದರು. ಇನ್ನೊಂದು ದಿನ ಜನವರಿ 27, ಆಶ್ವಿಟ್ಸ್ ಬಿಡುಗಡೆಯಾದ ದಿನ, 1945. ಆ ಎರಡು ದಿನ ಮಧ್ಯಾಹ್ನದ ಮೇಲೆ ಬೀದಿಯಲ್ಲಿ ನಡೆದರೆ ಅಲ್ಲಲ್ಲಿ ಮಂಡಿಯೂರಿ ಕೂತವರು ಕಾಣುತ್ತಾರೆ.

ಹಿತ್ತಾಳೆ ಅಂದ ಕೂಡಲೇ ನಮ್ಮ ಕೈ ಹೋಗುವುದು ಹುಣಸೆಹಣ್ಣಿಗೆ. ದೀಪದ ಕಂಬ, ಕೊಡ, ಆರತಿ ತಟ್ಟೆ ಎಲ್ಲ ಅದರಲ್ಲೇ ತಿಕ್ಕಿದ್ದೇವೆ. ಇಲ್ಲಿ ಬೇಡ. ಹುಳಿ ಅಕ್ಷರದ ತಗ್ಗಿನಲ್ಲಿ ಉಳಿದುಬಿಡುತ್ತದೆ, ಕೆಳಗಿರುವುದು ಕಾಂಕ್ರೀಟು, ಪಕ್ಕದಲ್ಲಿ ಫುಟ್‌ಪಾತ್ ಕಲ್ಲು, ಎರಡಕ್ಕೂ ಹುಳಿ ಆಗಿಬರುವುದಿಲ್ಲ. ನಿಂಬೆ ಉಪ್ಪೂ ಅದೇ ಕಾರಣಕ್ಕೆ ಬೇಡ. ಪೂಜೆ ಸಾಮಾನು ಉಜ್ಜುವ ಪುಡಿಯೂ ಬೇಡ. ಬ್ರಾಸೋ ತರಹದ ಪಾಲಿಶ್ ಸಾಕು, ಇಲ್ಲಿಯ ಅಂಗಡಿಯಲ್ಲಿ ಮೆಟಾಲ್‌ಪೊಲಿಟೂರ್ ಅಂತ ಕೇಳಿದರೆ ಕೊಡುತ್ತಾರೆ. ಜೊತೆಗೆ ಎರಡು ಮೂರು ಹಳೆಯ ಹತ್ತಿ ಬಟ್ಟೆ, ಬನಿಯನ್ ಆದರೆ ಇನ್ನೂ ಒಳ್ಳೆಯದು. ಒಂದು ಬಾಟಲಿ ನೀರು. ಕೈಗವಸು. ಮಂಡಿಗೆ ಒಂದು ಮಡಿಸಿದ ಟವಲು. ಹಳೆಯ ಹಲ್ಲುಜ್ಜುವ ಬ್ರಷ್, ಮೆತ್ತನೆಯದು.

ಒಂದು ರಟ್ಟನ್ನೂ ತನ್ನಿ. ಇದನ್ನು ನನಗೆ ಕಲಿಸಿದವರು ಎದುರು ಮನೆಯ ವಯಸ್ಸಾದ ಜರ್ಮನ್ ಹೆಂಗಸು. ರಟ್ಟಿನ ನಡುವೆ ಹತ್ತು ಸೆಂಟಿಮೀಟರಿನ ಚೌಕ ಕತ್ತರಿಸಿ, ಆ ಕಿಟಕಿಯಲ್ಲಿ ಕಲ್ಲು ಮಾತ್ರ ಕಾಣುವಂತೆ ಇಟ್ಟುಕೊಂಡು ಉಜ್ಜಬೇಕು. ಇಲ್ಲದಿದ್ದರೆ ಪಾಲಿಶಿನ ಕರಿ ಸುತ್ತಲಿನ ಕಲ್ಲಿಗೆ ಹತ್ತಿ ವರ್ಷಗಟ್ಟಲೆ ಹೋಗುವುದಿಲ್ಲ. ಆಕೆಯ ಹತ್ತಿರ ಒಂದು, ಎರಡು, ನಾಲ್ಕು ಕಲ್ಲುಗಳಿಗೆ ಬೇರೆ ಬೇರೆ ರಟ್ಟುಗಳಿದ್ದವು.

ಮೊದಲು ಮಣ್ಣು, ಎಲೆ ಗುಡಿಸಿ. ನೀರು ಹಾಕಿ ಒರೆಸಿ, ಒಣಗಲಿ. ಬಟ್ಟೆಗೆ ಕಡಲೆಕಾಳಿನಷ್ಟು ಪಾಲಿಶ್ ತೆಗೆದುಕೊಂಡು ಚಿಕ್ಕ ಚಿಕ್ಕ ಸುತ್ತಿನಲ್ಲಿ ತಿಕ್ಕಿ. ಬಟ್ಟೆ ಕಪ್ಪಗಾಗುತ್ತದೆ, ಅದು ಸರಿ. ಒಂದೆರಡು ನಿಮಿಷ ಬಿಟ್ಟು ಬೇರೆ ಬಟ್ಟೆಯಲ್ಲಿ ಒರೆಸಿ. ತುಂಬ ಕಂದಾಗಿದ್ದರೆ ಮೂರು ನಾಲ್ಕು ಸಲ ಬೇಕಾಗುತ್ತದೆ, ಒಂದೇ ಸಲಕ್ಕೆ ಹೊಳೆಯಲಿ ಅಂತ ಒತ್ತಬೇಡಿ. ಅಕ್ಷರದ ಒಳಗಿನ ಕರಿಯನ್ನು ಪೂರ್ತಿ ತೆಗೆಯಲು ಹೋಗಬೇಡಿ, ಆ ಕರಿ ಇದ್ದರೇ ಓದಲು ಸುಲಭ. ಕೊನೆಗೆ ನೀರಿನ ಬಟ್ಟೆ, ಆಮೇಲೆ ಒಣ ಬಟ್ಟೆ.

ಪಾತ್ರೆ ಉಜ್ಜುವ ಸ್ಪಂಜಿನ ಹಸಿರು ಬದಿ, ಸ್ಟೀಲ್ ನಾರು, ತಂತಿ ಬ್ರಷ್ ಮುಟ್ಟಲೇಬೇಡಿ. ನಾನು ಮೊದಲ ಸಲ ಬೇಗ ಆಗಲಿ ಅಂತ ಹಸಿರು ಬದಿಯಲ್ಲಿ ತಿಕ್ಕಿದ್ದೆ. ಅಮ್ಮನ ಕಲ್ಲಿನ ಬಲ ಮೂಲೆಯಲ್ಲಿ ಆ ಗೀರುಗಳು ಇವತ್ತಿಗೂ ಇವೆ. ಪ್ರತಿ ಸಲ ಉಜ್ಜುವಾಗ ಕಾಣುತ್ತವೆ, ಪ್ರತಿ ಸಲ ಮನಸ್ಸಿಗೆ ಕಷ್ಟ ಆಗುತ್ತದೆ.

ಉಜ್ಜುವಾಗ ಹೆಸರನ್ನು ಬಾಯಿಬಿಟ್ಟು ಹೇಳಿ. ಮಕ್ಕಳಿದ್ದರೆ ಅವರ ಕೈಗೆ ಒಣ ಬಟ್ಟೆ ಕೊಡಿ, ಪಾಲಿಶ್ ಬೇಡ. ಆದ ಮೇಲೆ ಹೂವು ಇಡಬಹುದು, ಇಲ್ಲಿ ಬಿಳಿ ಗುಲಾಬಿ ಇಡುವುದು ರೂಢಿ. ಯಹೂದಿಗಳು ಸಮಾಧಿಯ ಮೇಲೆ ಚಿಕ್ಕ ಕಲ್ಲು ಇಡುತ್ತಾರೆ, ಅದೂ ಸರಿ. ದೀಪ ಹಚ್ಚುವುದಾದರೆ ಗಾಜಿನ ಲೋಟದ ಒಳಗಿನ ಮೇಣದಬತ್ತಿ, ಬಿಡಿ ಬತ್ತಿ ಇಟ್ಟರೆ ಮೇಣ ಅಕ್ಷರಗಳಲ್ಲಿ ತುಂಬಿಕೊಳ್ಳುತ್ತದೆ. ಅರಿಶಿನ ಕುಂಕುಮ ಹಚ್ಚಬೇಡಿ. ಕೈ ಮುಗಿಯಬೇಕು ಅನ್ನಿಸಿದರೆ ಮುಗಿಯಿರಿ, ಅದರಿಂದ ಯಾರಿಗೂ ನೋವಾಗುವುದಿಲ್ಲ.

ಕಲ್ಲಿನ ಹಿಂದಿನ ಕುಟುಂಬವನ್ನು ಹುಡುಕುವುದು

ಮೊದಲು ಫೋಟೋ ತೆಗೆಯಿರಿ: ಒಂದೊಂದರದ್ದು, ಎಲ್ಲವೂ ಸೇರಿದ್ದು, ಮನೆ ನಂಬರು ಕಾಣುವಂತೆ ಇನ್ನೊಂದು. ನಡುಹಗಲಿನ ಬಿಸಿಲಲ್ಲಿ ಅಕ್ಷರ ಸರಿಯಾಗಿ ಬೀಳುವುದಿಲ್ಲ, ಬೆಳಗ್ಗೆ ಅಥವಾ ಸಂಜೆಯ ಓರೆ ಬೆಳಕು ಒಳ್ಳೆಯದು.

ಆಮೇಲೆ ನಿಮ್ಮ ಊರಿನ ಶ್ಟೋಲ್ಪರ್‌ಶ್ಟೈನ್ ಪಟ್ಟಿ ನೋಡಿ. ಬರ್ಲಿನ್, ಹ್ಯಾಂಬರ್ಗ್, ಫ್ರಾಂಕ್‌ಫರ್ಟ್‌ನಂಥ ಊರುಗಳಲ್ಲಿ ಬೀದಿಯ ಹೆಸರು ಹಾಕಿದರೆ ಆ ಕುಟುಂಬದ ಕಥೆಯೇ ಸಿಗುವುದುಂಟು, ಶಾಲೆ ಮಕ್ಕಳೋ ನೆರೆಹೊರೆಯವರೋ ಹುಡುಕಿ ಬರೆದಿರುತ್ತಾರೆ. ಅಲ್ಲಿ ಇಲ್ಲದಿದ್ದರೆ ಮೂರು ಕಡೆ ನೋಡಿ. ಜರ್ಮನಿಯ ರಾಷ್ಟ್ರೀಯ ದಾಖಲೆ ಭಂಡಾರವಾದ ಬುಂಡೆಸ್‌ಆರ್ಖಿವ್‌ನ ಸ್ಮರಣ ಪುಸ್ತಕದಲ್ಲಿ ಹೆಸರು, ಹುಟ್ಟಿದ ದಿನ, ಯಾವ ದಿನ ಎಲ್ಲಿಗೆ ಸಾಗಿಸಿದರು ಅನ್ನುವುದು ಇರುತ್ತದೆ. ಜೆರುಸಲೆಮ್‌ನ ಯಾದ್ ವಾಶೆಮ್ ಸ್ಮಾರಕ ಸಂಸ್ಥೆಯ ಹೆಸರಿನ ಸಂಗ್ರಹದಲ್ಲಿ ಉಳಿದ ಬಂಧುಗಳು ಕೈಯಾರೆ ತುಂಬಿಕೊಟ್ಟ ಸಾಕ್ಷಿ ಹಾಳೆಗಳಿವೆ. ಅದನ್ನು ಕೊನೆಯವರೆಗೆ ಓದಿ, ತುಂಬಿದವರ ಹೆಸರು ಮತ್ತು ಅವರಿಗೇನು ಸಂಬಂಧ ಅನ್ನುವುದು ಕೆಳಗಿರುತ್ತದೆ. ‘ಅಣ್ಣ’ ಅಂತಲೋ ‘ಸೋದರ ಸೊಸೆ’ ಅಂತಲೋ ಒಂದು ಪದ. ಮೂರನೆಯದು ಬಾಟ್ ಆರೊಲ್ಸನ್‌ನ ಆರೊಲ್ಸನ್ ಆರ್ಕೈವ್ಸ್, ಕ್ಯಾಂಪುಗಳ ದಾಖಲೆ ಅಲ್ಲಿದೆ. ಮೂರೂ ಆನ್‌ಲೈನ್, ಮೂರೂ ಉಚಿತ.

ಹುಡುಕುವಾಗ ತಬ್ಬಿಬ್ಬು ಮಾಡುವ ಒಂದು ಸಂಗತಿ. ಸಿಕ್ಕಿದ ಗಂಡಸರಲ್ಲಿ ಬಹಳ ಜನರ ಹೆಸರಲ್ಲಿ ‘ಇಸ್ರಾಯೆಲ್’, ಹೆಂಗಸರಲ್ಲಿ ಬಹಳ ಜನರ ಹೆಸರಲ್ಲಿ ‘ಸಾರಾ’ ಸೇರಿರುತ್ತದೆ. ಅದು ಅವರ ಹೆಸರಲ್ಲ. 1939ರ ಜನವರಿ 1ರಿಂದ, ಹೆಸರಿನಿಂದಲೇ ಯಹೂದಿ ಅಂತ ಗುರುತಾಗದ ಯಹೂದಿಗಳು ಹಾಗೆ ಸೇರಿಸಿಕೊಳ್ಳಲೇಬೇಕು ಅಂತ ಕಾನೂನು ಮಾಡಿದ್ದರು. ನೀವು ಬರೆಯುವಾಗ ಅದನ್ನು ಬಿಟ್ಟುಬಿಡಿ. ಬೀದಿಗಳ ಹೆಸರು, ಮನೆ ನಂಬರು ಕೂಡ ಬದಲಾಗಿರಬಹುದು, ಹಳೆಯ ವಿಳಾಸ ಪುಸ್ತಕಗಳು ಆನ್‌ಲೈನ್ ಇವೆ, ಹೋಲಿಸಿ ನೋಡಿ.

ಬರ್ಲಿನ್‌ನವರಿಗೆ ಇನ್ನೊಂದು ಜಾಗ ಇದೆ: ಪೋಟ್ಸ್‌ಡಾಮ್‌ನಲ್ಲಿರುವ ಬ್ರಾಂಡೆನ್‌ಬುರ್ಗ್ ರಾಜ್ಯದ ದಾಖಲೆ ಭಂಡಾರ. ಸಾಗಿಸುವ ಮೊದಲು ಪ್ರತಿ ಕುಟುಂಬದಿಂದ 16 ಪುಟದ ಆಸ್ತಿ ಫಾರಂ ತುಂಬಿಸಿಕೊಳ್ಳುತ್ತಿದ್ದರು. ಬ್ಯಾಂಕಿನ ಹಣ ಮಾತ್ರ ಅಲ್ಲ, ಮನೆಯಲ್ಲಿ ಎಷ್ಟು ಕುರ್ಚಿ, ಎಷ್ಟು ದಿಂಬು, ಎಷ್ಟು ಚಮಚ, ಎಷ್ಟು ಪರದೆ. ಅವರು ಹೋದ ಮೇಲೆ ಸರ್ಕಾರ ಬಂದು ಬೆಲೆ ಕಟ್ಟಿ ಮಾರಿತು. ಕೊಂಡವರಲ್ಲಿ ಅದೇ ಬೀದಿಯವರೂ ಇದ್ದರು. ಈ ಫಾರಂಗಳಲ್ಲಿ ಸಾವಿರಾರು ಉಳಿದಿವೆ. ಕೈಬರಹದಲ್ಲಿ ‘ಮಗುವಿನ ಮಂಚ, ಒಂದು’ ಅಂತ ಓದಿದ ಮೇಲೆ, ಈ ಮನೆಯ ಆ ಕೋಣೆಗೆ ಕಾಲಿಡುವುದು ಮೊದಲಿನಂತೆ ಇರುವುದಿಲ್ಲ.

ರೈಲು ಹೊರಟ ಜಾಗವನ್ನೂ ನೋಡಿ ಬನ್ನಿ. ಬರ್ಲಿನ್‌ನ ಗ್ರೂನೆವಾಲ್ಡ್ ಸ್ಟೇಷನ್‌ನ 17ನೇ ಪ್ಲಾಟ್‌ಫಾರಂ ಉದ್ದಕ್ಕೂ 186 ಎರಕದ ಉಕ್ಕಿನ ಹಲಗೆಗಳಿವೆ, ಒಂದೊಂದರಲ್ಲಿ ಒಂದು ದಿನಾಂಕ, ಎಷ್ಟು ಜನ, ಎಲ್ಲಿಗೆ. ನಿಮ್ಮ ಮನೆಯ ಕಲ್ಲಿನವರ ದಿನಾಂಕ ಸಿಕ್ಕಿದರೆ ಅವರ ಹಲಗೆಯನ್ನು ಹುಡುಕಬಹುದು. ಫ್ರಾಂಕ್‌ಫರ್ಟ್‌ನವರು ಬೋರ್ನೆಪ್ಲಾಟ್ಸ್‌ಗೆ ಹೋಗಿ. ಹಳೆಯ ಯಹೂದಿ ಸ್ಮಶಾನದ ಗೋಡೆಗೆ 11,000ಕ್ಕೂ ಹೆಚ್ಚು ಚಿಕ್ಕ ಉಕ್ಕಿನ ತುಂಡುಗಳನ್ನು ಕೂರಿಸಿದ್ದಾರೆ, ಒಂದೊಂದು ಹೆಸರು. ಗೋಡೆಯಿಂದ ಸ್ವಲ್ಪ ಮುಂದೆ ಚಾಚಿವೆ, ಬಂದವರು ಅದರ ಮೇಲೆ ಬೆಣಚುಕಲ್ಲು ಇಟ್ಟು ಹೋಗುತ್ತಾರೆ.

ಹೊಸ ಕಲ್ಲು ಹಾಕಿಸುವುದು

ನಿಮ್ಮ ಕಟ್ಟಡದಲ್ಲಿ ಇದ್ದವರ ಹೆಸರು ಪಟ್ಟಿಯಲ್ಲಿದೆ, ಕಲ್ಲು ಮಾತ್ರ ಇಲ್ಲ ಅಂತ ಗೊತ್ತಾದರೆ ನೀವೇ ಮುಂದಾಗಬಹುದು. ಜರ್ಮನ್ ಪೌರತ್ವ ಬೇಕಿಲ್ಲ, ಯಹೂದಿ ಆಗಿರಬೇಕಿಲ್ಲ. ಊರಿನ ಶ್ಟೋಲ್ಪರ್‌ಶ್ಟೈನ್ ಗುಂಪಿಗೆ ಒಂದು ಕಾಗದ ಬರೆಯಿರಿ, ಸರಳ ಜರ್ಮನ್ ಸಾಕು. ನಂತರ ಮುಖ್ಯವಾದ ಕೆಲಸ ಬಂಧುಗಳನ್ನು ಹುಡುಕುವುದು. ಅವರು ಬೇಡ ಅಂದರೆ ಅಲ್ಲಿಗೇ ನಿಲ್ಲಿಸಿ, ವಾದ ಮಾಡಬೇಡಿ. ನಗರಸಭೆಯ ಒಪ್ಪಿಗೆಯನ್ನು ಗುಂಪಿನವರೇ ತೆಗೆದುಕೊಳ್ಳುತ್ತಾರೆ. ಒಂದು ಕಲ್ಲಿಗೆ ಬಹಳ ವರ್ಷ 120 ಯೂರೋ ಇತ್ತು, ಈಗಿನ ದರ ಅವರನ್ನೇ ಕೇಳಿ. ಕಟ್ಟಡದವರೆಲ್ಲ ಸೇರಿ ಹಂಚಿಕೊಳ್ಳುವುದು ಒಳ್ಳೆಯದು. ದುಡ್ಡಿಗಿಂತ ಜಾಸ್ತಿ, ಆಮೇಲೆ ಉಜ್ಜಲು ಕೈ ಸಿಗುತ್ತವೆ. ಕಾಯುವುದು ಮಾತ್ರ ತುಂಬ ಇದೆ, ಹಲವು ತಿಂಗಳು, ಬರ್ಲಿನ್‌ನಲ್ಲಿ ಕೆಲವು ವರ್ಷಗಳೇ.

ಕಲ್ಲು ಹಾಕುವ ದಿನ ಕೆಲಸ ಇಪ್ಪತ್ತು ನಿಮಿಷದ್ದು. ಫುಟ್‌ಪಾತ್‌ನ ಕಲ್ಲು ಕಿತ್ತು, ಗುಂಡಿ ಮಾಡಿ, ಹೊಸದನ್ನು ಇಳಿಸಿ, ಸುತ್ತ ತುಂಬಿ, ರಬ್ಬರ್ ಸುತ್ತಿಗೆಯಲ್ಲಿ ತಟ್ಟಿ, ನೀರು ಹಾಕಿ ಗುಡಿಸುತ್ತಾರೆ. ಯಾರಾದರೂ ಆ ಕುಟುಂಬದ ಬಗ್ಗೆ ಓದುತ್ತಾರೆ. ಬಂಧುಗಳಿದ್ದರೆ ಕಡ್ಡಿಷ್ ಹೇಳುತ್ತಾರೆ, ಅದು ಸತ್ತವರಿಗಾಗಿ ಹೇಳುವ ಯಹೂದಿ ಪ್ರಾರ್ಥನೆ. ಆಗ ಮಾತಾಡಬೇಡಿ, ವೀಡಿಯೊ ಮಾಡಬೇಡಿ. ದೂರದಿಂದ ಬಂದ ಬಂಧುಗಳು ಮನೆಯ ಒಳಗೆ ನೋಡಬಹುದಾ ಅಂತ ಕೇಳಬಹುದು, ಎಷ್ಟೋ ಸಲ ಕೇಳಲು ಹಿಂಜರಿಯುತ್ತಾರೆ. ನೀವೇ ಕರೆಯಿರಿ. ಕಾಫಿ ಮಾಡಿ ಕೊಡಿ. ಕಿಟಕಿಯ ಹತ್ತಿರ ನಿಂತುಕೊಳ್ಳುತ್ತಾರೆ, ಬಿಟ್ಟುಬಿಡಿ, ಅವಸರ ಮಾಡಬೇಡಿ.

ಹಾಕಿದ ಮೇಲೆ ಕಲ್ಲು ಊರಿನ ಸ್ವತ್ತು. ಸಡಿಲವಾಗಿದ್ದರೆ, ಬಣ್ಣ ಬಳಿದಿದ್ದರೆ, ಕಾಣೆಯಾಗಿದ್ದರೆ ಫೋಟೋ ತೆಗೆದು ಗುಂಪಿಗೂ ಪೊಲೀಸರಿಗೂ ತಿಳಿಸಿ. ಪೂರ್ವ ಜರ್ಮನಿಯ ಟ್ಸೈಟ್ಸ್ ಅನ್ನುವ ಊರಿನಲ್ಲಿ 2024ರ ಅಕ್ಟೋಬರ್‌ನಲ್ಲಿ ಹತ್ತಕ್ಕೆ ಹತ್ತೂ ಕಲ್ಲುಗಳನ್ನು ಒಂದೇ ರಾತ್ರಿ ಕಿತ್ತುಕೊಂಡು ಹೋದರು. ಜನ ದುಡ್ಡು ಹಾಕಿ ಮತ್ತೆ ಹತ್ತನ್ನೂ ಕೂರಿಸಿದರು. ಕೆಲವು ಸಲ ಕೇಬಲ್ಲಿಗಾಗಿ ಫುಟ್‌ಪಾತ್ ಅಗೆಯುವವರು ಕಲ್ಲನ್ನು ಪಕ್ಕಕ್ಕೆ ಎಸೆದಿರುತ್ತಾರೆ. ಅಗೆತ ಶುರುವಾದ ದಿನವೇ ಅವರಿಗೆ ತೋರಿಸಿ ಹೇಳಿಬಿಡಿ, ಜೋಪಾನವಾಗಿ ತೆಗೆದಿಡುತ್ತಾರೆ.

ಪಾಲಿಶ್ ಬಟ್ಟೆಯನ್ನು ಬೇರೆ ಬಟ್ಟೆಗಳ ಜೊತೆ ಮಷೀನಿಗೆ ಹಾಕಬೇಡಿ, ಕರಿ ಬಿಡುತ್ತದೆ. ನಾನು ಅದನ್ನು ರಟ್ಟಿನ ಜೊತೆ ಮಡಚಿ ಚಪ್ಪಲಿ ಗೂಡಿನ ಮೇಲಿನ ಅರೆಯಲ್ಲಿ ಇಟ್ಟಿರುತ್ತೇನೆ. ಮಗಳಿಗೆ ಈಗ ಎಂಟು. ಜನವರಿ ಬಂದರೆ ಅವಳೇ ತೆಗೆದು ಬಾಗಿಲಲ್ಲಿ ಇಡುತ್ತಾಳೆ, ನಾಲ್ಕನೇ ಕಲ್ಲು ತನಗೇ ಬೇಕು ಅಂತ.